ಬೇಲಿಯ ಒಳಗೆ, ಬೀದಿಯ ನಡುವೆ

ದೀಪಾವಳಿಯ ದಿನ ಪಕ್ಕದ ಮನೆಯಿಂದ ತಟ್ಟೆ ಬರುತ್ತದೆ. ಮೇಲೊಂದು ಬಾಳೆಎಲೆಯ ಚೂರು, ಅದರಡಿ ಹೋಳಿಗೆ, ಪಕ್ಕದಲ್ಲಿ ಹಿಡಿಯಷ್ಟು ಪಂಚಕಜ್ಜಾಯ. ತಂದ ಹುಡುಗಿ 'ಪೂಜೆ ಈಗಷ್ಟೇ ಮುಗೀತು, ಅಮ್ಮ ಕೊಟ್ಟು ಬಾ ಅಂದ್ರು' ಅನ್ನುತ್ತಾಳೆ. ಕ್ರೈಸ್ತರ ಮನೆಗಳಿರುವ ನಮ್ಮ ಬೀದಿಗಳಲ್ಲಿ ಇದು ವರ್ಷವರ್ಷವೂ ನಡೆಯುವಂಥದ್ದೇ. ಒಂದು ಮನೆಯವರು ಅದನ್ನು ನಗುತ್ತ ಒಳಗೆ ಒಯ್ಯುತ್ತಾರೆ. ಡಿಸೆಂಬರಿನಲ್ಲಿ ಅದೇ ತಟ್ಟೆ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿ ತುಂಬಿಕೊಂಡು ಹಿಂದಿರುಗುತ್ತದೆ. ಎರಡು ಮನೆಯಾಚೆಗಿನವರು 'ನಾವು ಪೂಜೆಗಿಟ್ಟದ್ದು ತಗೊಳ್ಳೋದಿಲ್ಲಮ್ಮ, ಬೇಜಾರು ಮಾಡ್ಕೋಬೇಡ' ಅಂತ ನಯವಾಗಿ ಹೇಳಿ ಕಳಿಸುತ್ತಾರೆ. ಇಬ್ಬರೂ ಭಾನುವಾರ ತಪ್ಪದೆ ಸತ್ಯವೇದ ಹಿಡಿದು ಹೊರಡುವವರೇ. ಆದರೂ ಎರಡನೆಯವರ ಕಣ್ಣಿಗೆ ಮೊದಲನೆಯವರು ಲೋಕದ ಜೊತೆ ರಾಜಿಯಾದವರು. ಮೊದಲನೆಯವರ ಪಾಲಿಗೆ ಎರಡನೆಯವರದು ಅತಿಯಾಯಿತು.

ತಟ್ಟೆಯಷ್ಟಕ್ಕೇ ಇದು ಮುಗಿಯುವುದಿಲ್ಲ. ಸಿನಿಮಾ, ಮದುವೆಮನೆಯ ಮದ್ಯ, ಮೈಮೇಲಿನ ಚಿನ್ನ, ಕಚೇರಿಯ ಶುಕ್ರವಾರದ ಪಾರ್ಟಿ, ರಾತ್ರಿ ಹನ್ನೆರಡರ ಮೊಬೈಲ್, ಎಲ್ಲದರಲ್ಲೂ ಇದೇ ಜಗಳ. ವಿಶ್ವಾಸಿಯಾದವನು ಸುತ್ತ ಬೇಲಿ ಹಾಕಿಕೊಂಡು ಶೋಧನೆಯನ್ನು ಹೊರಗಿಡಬೇಕೋ, ಬೀದಿಯ ನಡುವೆಯೇ ನಿಂತು ಅದನ್ನು ಎದುರಿಸಬೇಕೋ? ಸತ್ಯವೇದವನ್ನೇ ಕೇಳೋಣವೆಂದರೆ ಅದು ಎರಡೂ ಕಡೆಗೆ ಸಾಕ್ಷಿ ನುಡಿಯುತ್ತದೆ. ಯೋಹಾನನ ಮೊದಲ ಪತ್ರಿಕೆ ಲೋಕದ ಮೇಲೆ ಮಮತೆ ಇಡದಂತೆ ಎಚ್ಚರಿಸುತ್ತದೆ. ಆ ಲೋಕದ ಮೇಲಿನ ಪ್ರೀತಿಗಾಗಿಯೇ ದೇವರು ಮಗನನ್ನು ಕೊಟ್ಟನೆಂದು ಯೋಹಾನನ ಸುವಾರ್ತೆ ಸಾರುತ್ತದೆ. ತನ್ನನ್ನು ಹಿಡಿದುಕೊಟ್ಟ ರಾತ್ರಿಯ ಪ್ರಾರ್ಥನೆಯಲ್ಲಿ ಯೇಸು ತನ್ನವರನ್ನು ಲೋಕದಿಂದ ಎತ್ತಿಬಿಡು ಎಂದು ಕೇಳಲಿಲ್ಲ, ಕೆಡುಕಿನಿಂದ ಕಾಯಬೇಕೆಂದಷ್ಟೇ ಕೇಳಿಕೊಂಡ. ಕಾಯುವುದು ಹೇಗೆಂಬುದೇ ಎರಡು ಸಾವಿರ ವರ್ಷಗಳ ತಕರಾರು.

ತಟ್ಟೆಯ ವಿಷಯವನ್ನು ಪೌಲ ನೇರವಾಗಿಯೇ ಎತ್ತಿಕೊಂಡಿದ್ದಾನೆ. ಕೊರಿಂಥ ಬಂದರಿನ ಪಟ್ಟಣ. ಗುಡಿಗಳಲ್ಲಿ ಬಲಿಯಾದ ಪ್ರಾಣಿಯ ಮಾಂಸ ಮಾರುಕಟ್ಟೆಗೂ ಬರುತ್ತಿತ್ತು. ಅಲ್ಲಿನ ಸಭೆ ಎರಡಾಗಿ ಒಡೆದಿತ್ತು. ವಿಗ್ರಹ ಎಂಬುದು ಏನೂ ಅಲ್ಲ, ಹಾಗಾಗಿ ಮಾಂಸಕ್ಕೆ ಏನೂ ಅಂಟುವುದಿಲ್ಲ ಎಂದು ಒಂದು ಗುಂಪು. ನಿನ್ನೆಯವರೆಗೆ ಅದೇ ಗುಡಿಗೆ ಕೈಮುಗಿಯುತ್ತಿದ್ದವರ ಗುಂಪು ಇನ್ನೊಂದು. ಆ ಮಾಂಸ ಬಾಯಿಗಿಟ್ಟರೆ ಅವರಿಗೆ ಹಳೆಯದೆಲ್ಲ ಮರಳಿ ಬಂದಂತಾಗುತ್ತಿತ್ತು. ಪೌಲನ ಉತ್ತರ ಇಬ್ಬರಿಗೂ ಪೂರ್ತಿ ಹಿಡಿಸುವಂಥದ್ದಲ್ಲ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ ಎನ್ನುತ್ತಾನೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ ಎನ್ನುತ್ತಾನೆ. ಆದರೆ ಯಾರಾದರೂ ಇದು ಬಲಿಯದ್ದು ಎಂದು ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ತಾನು ತಿನ್ನುವುದರಿಂದ ಒಬ್ಬ ತಮ್ಮ ಎಡವುವಂತಿದ್ದರೆ ಮಾಂಸವನ್ನೇ ಮುಟ್ಟುವುದಿಲ್ಲವೆಂಬ ಮಾತೂ ಅದೇ ಪತ್ರದಲ್ಲಿದೆ. ಬೀದಿಯ ಪಕ್ಷದವರು ಮೊದಲರ್ಧ ಓದುತ್ತಾರೆ, ಬೇಲಿಯ ಪಕ್ಷದವರು ಎರಡನೆಯ ಅರ್ಧ. 'ಪೂಜೆ ಈಗಷ್ಟೇ ಮುಗೀತು' ಎಂದ ಹುಡುಗಿಯ ಮುಂದೆ ಯಾವ ಅರ್ಧ ಅನ್ವಯಿಸುತ್ತದೆ ಎಂಬುದರ ಬಗ್ಗೆ ಸಭಾಪಾಲಕರಲ್ಲೇ ಒಮ್ಮತವಿಲ್ಲ.

ಬೇಲಿಯ ಪಕ್ಷವನ್ನು ಹಗುರವಾಗಿ ತೆಗೆದುಕೊಳ್ಳುವವರು ನಮ್ಮ ಕರಾವಳಿಯ ಇತಿಹಾಸವನ್ನೊಮ್ಮೆ ನೋಡಬೇಕು. 1834ರಲ್ಲಿ ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಆ ಮಿಷನ್ನಿಗೆ ಬಹಳಷ್ಟು ಜನರನ್ನು ಒದಗಿಸಿದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಪಯಟಿಸ್ಟ್ ಸಭೆಗಳು. 1675ರಲ್ಲಿ ಸ್ಪೆನರ್ ಬರೆದ ಪುಸ್ತಕದಿಂದ ಚಿಗುರಿದ ಪಯಟಿಸಂ ಎಂಬ ಭಕ್ತಿ ಚಳವಳಿಯಲ್ಲಿ ಇಸ್ಪೀಟು, ನೃತ್ಯ, ನಾಟಕ ಇವೆಲ್ಲ 'ಅಡ್ಡಿಯಿಲ್ಲ' ಎಂದು ಬಿಟ್ಟುಬಿಡುವ ವಿಷಯಗಳಲ್ಲ. ಮನುಷ್ಯನ ಪ್ರತಿ ಗಳಿಗೆಗೂ ದೇವರಿಗೆ ಲೆಕ್ಕ ಒಪ್ಪಿಸಬೇಕು. ಈ ಶಿಸ್ತು ಹಡಗಿನಲ್ಲಿ ಅವರ ಜೊತೆಗೇ ಬಂತು.

ತುಳುನಾಡಿನಲ್ಲಿ ಆ ಮಿಷನ್ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ಕುಲಕಸುಬು ಶೇಂದಿ ಇಳಿಸುವುದು, ಮಿಷನ್ನಿಗೆ ಸರಿಬಾರದ ಕಸುಬು. ದೀಕ್ಷಾಸ್ನಾನ ಪಡೆದವನು ಬಂಧುಬಳಗ ಕಳೆದುಕೊಳ್ಳುತ್ತಿದ್ದ, ಒಕ್ಕಲುತನ ಕಳೆದುಕೊಳ್ಳುತ್ತಿದ್ದ, ಜೊತೆಗೆ ಕಸುಬನ್ನೂ. ಬಿಡು ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಆ ಬೋಧನೆಗೆ ಮೂರು ಕಾಸಿನ ಬೆಲೆಯೂ ಇರುತ್ತಿರಲಿಲ್ಲ. ಮಿಷನ್ ಬದಲಿ ದಾರಿ ಕಟ್ಟಿತು: 1841ರಲ್ಲಿ ಮುದ್ರಣಾಲಯ, 1851ರ ಹೊತ್ತಿಗೆ ಹಾಲರ್ ನೋಡಿಕೊಂಡ ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆ. ಖಾಕಿ ಬಣ್ಣ ಹುಟ್ಟಿದ್ದೇ ಆ ನೇಯ್ಗೆಮನೆಯಲ್ಲಿ ಎಂಬ ಹೆಮ್ಮೆ ಮಂಗಳೂರಿಗೆ ಇವತ್ತಿಗೂ ಇದೆ. ಮಂಗಳೂರು ಹೆಂಚಿನ ಹೆಸರಂತೂ ಕೇಳದವರಿಲ್ಲ.

ಇದನ್ನು ಹೆಂಗಸಿನ ಕಡೆಯಿಂದ ನೋಡಿದರೆ ಬೇಲಿಯ ಅರ್ಥ ಬೇರೆಯಾಗುತ್ತದೆ. ಶನಿವಾರದ ಕೂಲಿ ಗಡಂಗಿನ ದಾರಿ ಹಿಡಿಯದೆ ಮನೆಗೆ ಬಂದರೆ ಅದು ಅಕ್ಕಿಯಾಗುತ್ತದೆ, ಮಗಳ ಶಾಲೆಯ ಸ್ಲೇಟಾಗುತ್ತದೆ. ಕುಡಿಯುವುದು ಪಾಪವೋ ಅಲ್ಲವೋ ಎಂಬ ದೇವಶಾಸ್ತ್ರದ ಚರ್ಚೆ ಅವಳಿಗೆ ಬೇಕಿರಲಿಲ್ಲ. ಗಂಡನ ಸುತ್ತ ಯಾರೋ ಒಂದು ಗೆರೆ ಎಳೆದರಲ್ಲ ಎಂಬುದು ಬೇಕಿತ್ತು. ವಿದ್ಯಾವಂತ ಕ್ರೈಸ್ತರು ಈ ಕಟ್ಟುನಿಟ್ಟನ್ನು 'ವಿಕ್ಟೋರಿಯನ್ ಮಡಿ' ಎಂದು ಗೇಲಿ ಮಾಡುವಾಗ ನನಗೆ ಈ ಅಕ್ಕಿಯ ಲೆಕ್ಕ ನೆನಪಾಗುತ್ತದೆ. ಮನಸ್ಸು ಗಟ್ಟಿಯಿದ್ದರೆ ಸಾಕು, ಬೇಲಿ ಯಾಕೆ ಎನ್ನುವವರು ಮನಸ್ಸಿನ ಶಕ್ತಿಯ ಬಗ್ಗೆ ತುಸು ಹೆಚ್ಚೇ ನಂಬಿಕೆ ಇಟ್ಟುಕೊಂಡಿದ್ದಾರೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಚಳವಳಿಯ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲಿದೆ. ಅದರ ಮೊದಲ ಪಾಠವೇ ನನ್ನ ಬಲದಿಂದ ಇದು ಆಗದು ಎಂದು ಒಪ್ಪಿಕೊಳ್ಳುವುದು. ಅಲ್ಲಿ ಮಿತವಾಗಿ ಕುಡಿ ಎಂಬ ಮಾತೇ ಇಲ್ಲ. ಹಾಗೆ ಉಳಿದುಕೊಂಡವನಿಗೆ ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಥೆ ಹೇಳಿ ಗ್ಲಾಸು ಮುಂದೆ ಮಾಡುವುದು ಸ್ವಾತಂತ್ರ್ಯದ ಬೋಧನೆಯಲ್ಲ, ಕ್ರೌರ್ಯ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ಹುಳಿಯದ ದ್ರಾಕ್ಷಿ ರಸವನ್ನು ಬಾಟಲಿಗಿಳಿಸಿದ್ದು ಕರ್ತನ ಭೋಜನದ ಬಟ್ಟಲಿಗಾಗಿಯೇ. ಆ ಬಟ್ಟಲಿನ ಮುಂದೆಯೂ ಬೆವರುವ ಜನ ಇದ್ದರು ಎಂಬುದನ್ನು ಮರೆತರೆ ಆ ಕೆಲಸ ತಮಾಷೆಯಾಗಿಯೇ ಕಾಣುತ್ತದೆ.

ಪೆಂಟೆಕೋಸ್ಟಲ್ ಸಭೆಗಳ ಒಡವೆಯ ನಿಷೇಧವನ್ನೂ ಹೀಗೇ ನೋಡಬಹುದು. ದಕ್ಷಿಣ ಭಾರತದ ಅನೇಕ ಪೆಂಟೆಕೋಸ್ಟಲ್ ಸಭೆಗಳಲ್ಲಿ ಹೆಣ್ಣುಮಕ್ಕಳು ಕಿವಿಗೆ, ಕೊರಳಿಗೆ ಏನೂ ಹಾಕುವುದಿಲ್ಲ. ಹೊರಗಿನವರಿಗೆ ಅದು ಬೋಳು ಬೋಳಾಗಿ ಕಾಣುತ್ತದೆ. ಒಳಗೆ ಕೂತ ಮನೆಗೆಲಸದ ಹೆಂಗಸಿಗೆ ಮಾತ್ರ, ಪಕ್ಕದಲ್ಲಿ ಕೂತ ಬ್ಯಾಂಕ್ ಮ್ಯಾನೇಜರನ ಹೆಂಡತಿಯೂ ಬರಿಗೊರಳಲ್ಲೇ ಇರುವ ಜಾಗ ವಾರದಲ್ಲಿ ಅದೊಂದೇ ಇರಬಹುದು.

ಇಷ್ಟಾದ ಮೇಲೆ ಬೇಲಿಯ ಇನ್ನೊಂದು ಮುಖವನ್ನೂ ನೋಡಲೇಬೇಕು. ಮಿಷನ್ ಆವರಣದಲ್ಲಿ ಕೆಲಸ, ಮನೆ, ಶಾಲೆ, ಸಭೆ ಎಲ್ಲ ಒಂದೇ ಕೈಯಲ್ಲಿತ್ತು. ತಪ್ಪಿದವನನ್ನು ಕರ್ತನ ಭೋಜನದಿಂದ ದೂರವಿಡುವ ಅಧಿಕಾರವೂ ಅದೇ ಕೈಗೆ. ಅಲ್ಲಿ ಕುಡಿಯದೇ ಇರುವವನು ಮನಸ್ಸು ತಿರುಗಿ ಕುಡಿಯದವನೋ, ಕೆಲಸ ಹೋದೀತೆಂದು ಹೆದರಿ ಕುಡಿಯದವನೋ ಹೇಳುವುದು ಕಷ್ಟ. ಕೊಲೊಸ್ಸೆಯವರಿಗೆ ಬರೆದ ಪತ್ರ ಇದನ್ನೇ ಚುಚ್ಚುತ್ತದೆ: ಮುಟ್ಟಬೇಡ, ರುಚಿನೋಡಬೇಡ ಎಂಬ ಕಟ್ಟಳೆಗಳು ನೋಡಲು ಜಾಣತನದಂತಿದ್ದರೂ ಒಳಗಿನ ಆಸೆಯನ್ನು ಅಡಗಿಸುವ ಬಲ ಅವಕ್ಕಿಲ್ಲ ಎಂಬ ಅರ್ಥದ ಮಾತು ಅಲ್ಲಿದೆ.

ಬೇಲಿಯನ್ನು ಅದರ ಕೊನೆಯ ಅಂಚಿನವರೆಗೆ ಒಯ್ದವರು ಮರುಭೂಮಿಯ ಸನ್ಯಾಸಿಗಳು. ಮೂರನೆಯ ಶತಮಾನದ ಈಜಿಪ್ಟಿನಲ್ಲಿ ಅಂತೋನಿ ಆಸ್ತಿ ಹಂಚಿ ಮರಳಿಗೆ ನಡೆದ. ಗಡಂಗು, ನಾಟಕಶಾಲೆ, ಪೇಟೆ ಯಾವುದೂ ಇಲ್ಲದ ಜಾಗ. ಆದರೆ ಅಥನಾಸಿಯಸ್ ಬರೆದ ಅವನ ಚರಿತ್ರೆಯಲ್ಲಿ ಪುಟಪುಟಕ್ಕೂ ದೆವ್ವಗಳ ಕಾಟ. ಯೇಸುವಿಗೂ ಶೋಧನೆ ಬಂದದ್ದು ಯೆರೂಸಲೇಮಿನ ಪೇಟೆಯಲ್ಲಲ್ಲ, ನಲವತ್ತು ದಿನ ಒಬ್ಬನೇ ಇದ್ದ ಅಡವಿಯಲ್ಲಿ. ನಾಲ್ಕನೆಯ ಶತಮಾನದ ಎವಾಗ್ರಿಯಸ್ ಎಂಬ ಸನ್ಯಾಸಿ ಮನಸ್ಸನ್ನು ಕೆಡಿಸುವ ಎಂಟು ಆಲೋಚನೆಗಳ ಪಟ್ಟಿ ಮಾಡಿದ. ಅದರಲ್ಲಿ ಒಂದು ನಡುಹಗಲಿನ ದೆವ್ವ. ಅದು ಬಂದಾಗ ಸೂರ್ಯ ಚಲಿಸುವುದೇ ಇಲ್ಲವೆನ್ನಿಸುತ್ತದೆ, ಹಗಲು ಮುಗಿಯದಷ್ಟು ಉದ್ದವಾಗುತ್ತದೆ. ಸನ್ಯಾಸಿ ಮತ್ತೆಮತ್ತೆ ಕಿಟಕಿಯತ್ತ ನೋಡುತ್ತಾನೆ, ಊಟದ ಹೊತ್ತಾಯಿತೇ ಎಂದು ಹೊರಗೆ ಬಂದು ನೆರಳು ಅಳೆಯುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ದಾರಿ ಕಾಯುತ್ತಾನೆ. ಮಾರತ್ತಹಳ್ಳಿಯ ಪಿಜಿ ಕೋಣೆಯಲ್ಲಿ ಕೂತು ಎರಡು ನಿಮಿಷಕ್ಕೊಮ್ಮೆ ಮೊಬೈಲ್ ತಿರುಗಿಸಿ ನೋಡುವ ಹುಡುಗನಿಗೆ ಈ ವರ್ಣನೆ ಹೊಸದೆನಿಸುವುದಿಲ್ಲ. ಲೋಕವನ್ನು ಬಿಟ್ಟು ಹೊರಟವನು ಅದನ್ನು ತಲೆಯೊಳಗೆ ಹೊತ್ತುಕೊಂಡೇ ಹೋಗಿದ್ದ. ಬೇಲಿಯನ್ನು ಅತಿ ಪ್ರಾಮಾಣಿಕವಾಗಿ ಬದುಕಿದವರೇ ಕೊಟ್ಟ ಸಾಕ್ಷಿ ಇದು; ಹಾಗಾಗಿ ಬೀದಿಯ ಪಕ್ಷದವರ ವಾದಕ್ಕಿಂತ ಇದಕ್ಕೆ ತೂಕ ಹೆಚ್ಚು.

ಬೀದಿಯ ಪಕ್ಷಕ್ಕೆ ಮಂಗಳೂರಿನ ಕಥೋಲಿಕರು ಒಳ್ಳೆಯ ಉದಾಹರಣೆ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾ ಮಂಡಳಿ ಹೊರಡಿಸಿದ ಆಜ್ಞೆ ಮದುವೆಯ ಹಾಡು, ವೀಳ್ಯದೆಲೆ, ಹೂವು, ದೇಸಿ ಉಡುಪು ಇಂಥವನ್ನೆಲ್ಲ ಹಿಂದೂ ಆಚಾರವೆಂದು ನಿಷೇಧಿಸಿತು. ಕ್ರೈಸ್ತ ಬದುಕಿನ ಸುತ್ತ ಕಟ್ಟಿದ ಬೇಲಿಗಳಲ್ಲಿ ಇಷ್ಟು ಎತ್ತರದ್ದು, ಇಷ್ಟು ಭಯದ್ದು ಕಡಿಮೆ. ಇವತ್ತು ಗೋವೆ ಮೂಲದ ಈ ಮಂಗಳೂರಿಗರ ಮದುವೆಗೆ ಹೋಗಿ ನೋಡಿ. ಹಿಂದಿನ ಸಂಜೆ ರೋಸ್. ಮದುಮಗಳನ್ನು ಕೂರಿಸಿ ತೆಂಗಿನ ಹಾಲು ಹಚ್ಚುತ್ತಾರೆ, ಹಿರಿಯ ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಹಾಡುತ್ತಾರೆ, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹರಸುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಕ್ಕಳು ಮರಿಯಮ್ಮನಿಗೆ ಹೂ ಎರಚುತ್ತಾರೆ, ಹೊಸ ತೆನೆಗೆ ಆಶೀರ್ವಾದವಾಗುತ್ತದೆ, ಮನೆಮಂದಿಯೆಲ್ಲ ಎಲೆಯ ಮೇಲೆ ಸಸ್ಯಾಹಾರದ ಊಟ ಮಾಡುತ್ತಾರೆ. ಯಾವುದನ್ನು ಅನ್ಯರದು ಎಂದು ಚರ್ಚು ಹೆದರಿ ಹೊರಗಿಟ್ಟಿತ್ತೋ ಅದು ಈಗ ನಂಬಿಕೆಯ ಮೈಯೇ ಆಗಿದೆ. ಒಂದು ಕಾಲದ ಬೇಲಿ ಇನ್ನೊಂದು ಕಾಲಕ್ಕೆ ತಪ್ಪಾಗಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಚರ್ಚೂ ಕೊನೆಗೆ ಬೀದಿಗೆ ಮುಖ ಮಾಡಿತು: 1965ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಕೊನೆಯ ದಾಖಲೆಗಳಲ್ಲೊಂದು, ಜನರ ಸುಖದುಃಖವೇ ಕ್ರಿಸ್ತನ ಶಿಷ್ಯರ ಸುಖದುಃಖ ಎಂಬ ಧಾಟಿಯಲ್ಲೇ ಶುರುವಾಗುತ್ತದೆ.

ಬಾಸೆಲ್ ಮಿಷನ್ನಿನ ಒಳಗಿನಿಂದಲೇ ಬೀದಿಗಿಳಿದವರೂ ಇದ್ದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೊಗ್ಲಿಂಗ್ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದರು. ಫರ್ಡಿನೆಂಡ್ ಕಿಟ್ಟೆಲ್ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸುಗಳನ್ನು ಸಂಪಾದಿಸಿದರು. 1894ರಲ್ಲಿ ನಿಘಂಟು ಬಂತು. ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದದ್ದೂ ಅವರೇ. ಅಷ್ಟೊಂದು ವರ್ಷ ಜೈನ, ವೀರಶೈವ, ವೈಷ್ಣವ ಕಾವ್ಯಗಳಲ್ಲಿ ಮುಳುಗಿದ್ದವರಿಗೆ ಅದು ಲೋಕದ ಶೋಧನೆ ಎಂದು ಯಾರಾದರೂ ಪುಸ್ತಕ ಮುಚ್ಚಿಸಿದ್ದರೆ ನಷ್ಟ ಕನ್ನಡಕ್ಕಷ್ಟೇ ಅಲ್ಲ, ಕನ್ನಡದಲ್ಲಿ ಪ್ರಾರ್ಥಿಸುವ ಕ್ರೈಸ್ತನಿಗೂ ಆಗುತ್ತಿತ್ತು.

ಹಾಗೆಂದು ಬೀದಿಯವರೆಲ್ಲ ಕಿಟ್ಟೆಲರಲ್ಲ. ಯೇಸು ಸುಂಕದವರ ಜೊತೆ ಉಂಡ, ಅವನನ್ನೇ ಹೊಟ್ಟೆಬಾಕ, ಕುಡುಕ ಎಂದು ಜನ ಹಳಿದರು ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಆ ಪಂಕ್ತಿಯಿಂದ ಎದ್ದ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡಲು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸಲು ಹೊರಟ ಎಂಬುದು ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಬೀದಿಯಲ್ಲಿ ನಿಂತು ಬೀದಿಯನ್ನೇ ಬದಲಿಸುವ ಧೈರ್ಯ ಅದು. ನಮ್ಮಲ್ಲಿ ಆಗುವುದು ಹೆಚ್ಚಾಗಿ ತಿರುಗುಮುರುಗು. ರೋಸ್ ಎಂಬ ಮನೆಯಂಗಳದ ಆಚರಣೆ ಹಾಲ್ ಬಾಡಿಗೆ, ಡಿಜೆ, ಉದ್ದನೆಯ ಬಾರ್ ಕೌಂಟರಿನವರೆಗೆ ಬೆಳೆದು ಹೆಣ್ಣಿನ ತಂದೆಯ ಸಾಲದಲ್ಲಿ ಮುಗಿಯುವ ಮದುವೆಗಳು ಕರಾವಳಿಯಲ್ಲಿ ಅಪರೂಪವಲ್ಲ. ಇದನ್ನೂ ಸಂಸ್ಕೃತಿ ಎಂದೇ ಕರೆಯುತ್ತಾರೆ.

ಎರಡೂ ಪಕ್ಷದವರು ಒಟ್ಟಿಗೆ ಎಡವುವ ಜಾಗವೊಂದಿದೆ, ಅದು ಹಣ. ಗ್ಲಾಸಿನಲ್ಲಿ, ಪರದೆಯಲ್ಲಿ, ಕಿವಿಯೋಲೆಯಲ್ಲಿ ಬರುವ ಶೋಧನೆಯನ್ನು ಬೇಲಿ ತಡೆಯುತ್ತದೆ. ದುಡಿಮೆ, ಮಿತವ್ಯಯ, ಮರ್ಯಾದೆ ಎಂಬ ವೇಷದಲ್ಲಿ ಬಂದದ್ದಕ್ಕೆ ಬಾಗಿಲು ತೆರೆದು ಕುರ್ಚಿ ಹಾಕುತ್ತದೆ. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ತಮ್ಮ ಕೊನೆಗಾಲದಲ್ಲಿ ಇದೇ ಚಿಂತೆಯಲ್ಲಿದ್ದರು. ಭಕ್ತಿ ಬಂದಲ್ಲಿ ದುಡಿಮೆ ಮತ್ತು ಉಳಿತಾಯ ಬರುತ್ತದೆ, ಅವು ಬಂದಲ್ಲಿ ಐಶ್ವರ್ಯ ಬರುತ್ತದೆ, ಐಶ್ವರ್ಯ ಬಂದಂತೆ ಭಕ್ತಿ ಸೋರಿಹೋಗುತ್ತದೆ. ಅವರಿಗೆ ತೋಚಿದ ಪರಿಹಾರ ಒಂದೇ, ಗಳಿಸಿದ್ದನ್ನು ಕೊಟ್ಟುಬಿಡುವುದು. ಈಗ ಸಿನಿಮಾ ಬೇಡವೆನ್ನುವ ಕೆಲವು ವೇದಿಕೆಗಳಿಂದಲೇ ಹೊಸ ಕಾರು, ಸ್ವಂತ ಫ್ಲ್ಯಾಟು ದೇವರ ಆಶೀರ್ವಾದದ ಗುರುತೆಂದು ಸಾಕ್ಷಿ ಕೇಳಿಬರುತ್ತದೆ. ಅಡವಿಯಲ್ಲಿ ಸೈತಾನ ಯೇಸುವಿಗೆ ತೋರಿಸಿದ್ದೂ ಲೋಕದ ರಾಜ್ಯಗಳ ವೈಭವವನ್ನೇ ತಾನೆ!

ಕಟ್ಟಳೆಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. ಹುಡುಗಿಯ ಜೀನ್ಸು, ಕೂದಲು, ಫೋನಿನ ಬಗ್ಗೆ ಸಭೆಯಲ್ಲಿ ಬೋಧನೆ ಆಗುತ್ತದೆ. ಆ ಹುಡುಗಿಯ ಮದುವೆಗೆ ಗಂಡಿನ ಕಡೆಯವರು ಕೇಳಿದ ಮೊತ್ತದ ಬಗ್ಗೆ ಆಗುವುದು ಕಡಿಮೆ. ವರದಕ್ಷಿಣೆ 1961ರಿಂದ ಕಾನೂನಿನ ಪ್ರಕಾರ ಅಪರಾಧ. ಕಥೋಲಿಕರಲ್ಲೂ ಪ್ರೊಟೆಸ್ಟೆಂಟರಲ್ಲೂ ಅದು ಬೇರೆ ಬೇರೆ ಹೆಸರಲ್ಲಿ ಉಳಿದುಕೊಂಡಿದೆ. ಬೇಲಿಯವರ ಪಟ್ಟಿಯಲ್ಲಿ ಅದು ಮೊದಲನೆಯದಾಗಿ ಇರಬೇಕಿತ್ತು, ಬೀದಿಯವರ ನ್ಯಾಯದ ಮಾತಿನಲ್ಲೂ ಮೊದಲು ಬರಬೇಕಿತ್ತು.

ನನ್ನ ತೂಕ ಎತ್ತ ವಾಲುತ್ತದೆ ಎಂದು ಕೇಳಿದರೆ, ತನಗೆ ತಾನೇ ಹಾಕಿಕೊಂಡ ಬೇಲಿಯ ಕಡೆಗೆ. ಕುಡಿತದಿಂದ ಎದ್ದವನು, ಮೊಬೈಲಿಗೆ ನಿದ್ದೆ ಕಳೆದುಕೊಂಡವನು, ಜೂಜಿನ ಆ್ಯಪಿನಲ್ಲಿ ಸಂಬಳ ಸುಟ್ಟವನು ತನ್ನ ಸುತ್ತ ಎಷ್ಟು ಎತ್ತರಕ್ಕೆ ಬೇಕಾದರೂ ಕಟ್ಟಿಕೊಳ್ಳಲಿ, ಸಭೆ ಅವನಿಗೆ ಕಲ್ಲು ಹೊತ್ತುಕೊಡಲಿ. ಬೇರೆಯವರ ಸುತ್ತ, ಅದರಲ್ಲೂ ಎದುರು ಮಾತಾಡಲಾಗದವರ ಸುತ್ತ ಕಟ್ಟುವ ಮುನ್ನ ಮಾತ್ರ ಕೈ ತಡೆಯಬೇಕು. ಮಕ್ಕಳ ವಿಷಯದಲ್ಲಿ ಈ ಸೂತ್ರ ಅಷ್ಟು ಸಲೀಸಾಗಿ ಕೂರುವುದಿಲ್ಲ ಎಂಬುದು ನನಗೂ ಗೊತ್ತು. ಹತ್ತು ವರ್ಷದವನ ಕೈಗೆ ಫೋನ್ ಕೊಟ್ಟು ಆರಿಸಿಕೋ ಎನ್ನುವುದು ಸ್ವಾತಂತ್ರ್ಯವಾಗುವುದಿಲ್ಲ.

ಇವೆರಡರ ನಡುವೆ ಹಳೆಯ ಸಭೆ ಕಂಡುಕೊಂಡ ಏರ್ಪಾಟೊಂದಿದೆ: ಅವಧಿಯಿರುವ ಬೇಲಿ. ಗೋವೆ, ಮಂಗಳೂರುಗಳ ಕೊಂಕಣಿ ಕಥೋಲಿಕರಲ್ಲಿ ತಪಸ್ಸು ಕಾಲಕ್ಕೆ ಮೊದಲು ಇಂತ್ರುಜ್ ಎಂಬ ತಿಂದುಂಡು ಕುಣಿಯುವ ದಿನಗಳು. ಬೂದಿ ಬುಧವಾರದಂದು ಹಣೆಗೆ ಬೂದಿ, ಅಲ್ಲಿಂದ ಈಸ್ಟರಿನ ತನಕ ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ಮಾಂಸವನ್ನೋ ಮದ್ಯವನ್ನೋ, ಇತ್ತೀಚೆಗೆ ಇನ್‌ಸ್ಟಾಗ್ರಾಂ ಅನ್ನೋ ಬಿಡುವುದು. ಉಳಿದ ದುಡ್ಡು ಬಡವರ ಪೆಟ್ಟಿಗೆಗೆ. ಪೆಂಟೆಕೋಸ್ಟಲ್ ಗೆಳೆಯರು ಇದಕ್ಕೆ ಹಾಕುವ ಸವಾಲು ನೇರವಾಗಿದೆ: ನಲವತ್ತು ದಿನ ಕೆಟ್ಟದ್ದಾಗಿದ್ದು ನಲವತ್ತೊಂದನೆಯ ದಿನ ಒಳ್ಳೆಯದು ಹೇಗಾಗುತ್ತದೆ? ಅದು ಕೆಟ್ಟದ್ದೆಂದು ಬಿಟ್ಟದ್ದಲ್ಲ, ಒಳ್ಳೆಯದೆಂದೇ ಬಿಟ್ಟದ್ದು, ಅದು ನನ್ನನ್ನು ಆಳುತ್ತಿದೆಯೋ ಎಂದು ಪರೀಕ್ಷಿಸಲು ಬಿಟ್ಟದ್ದು ಎಂದು ಕಥೋಲಿಕರ ಉತ್ತರ. ಮಾಂಸದ ಮಟ್ಟಿಗೆ ನನಗೆ ಈ ಉತ್ತರ ಸಾಕು. ಪರೀಕ್ಷೆಯಲ್ಲಿ ಪ್ರತಿವರ್ಷ ನಪಾಸಾಗುತ್ತಿರುವ ಕುಡುಕನ ಮಟ್ಟಿಗೆ ಸವಾಲು ಹಾಕಿದವರದೇ ಸರಿ. ಅವನಿಗೆ ಈಸ್ಟರಿನ ಊಟದ ಮೇಜಿನಲ್ಲೂ ಬೇಲಿ ಬೇಕು, ಅದನ್ನು ಗೌರವಿಸಿ ಆವತ್ತು ಬಾಟಲಿ ತೆರೆಯದೇ ಇರುವ ಮನೆಮಂದಿಯೂ ಬೇಕು.